ಗಿಟಾರ್ ಪಿಕಪ್ಪಿನ ಪ್ರಮಾಣ ವಿಚಾರ

ಯಾವ ಶಾಸ್ತ್ರಗ್ರಂಥವೇ ಆಗಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲೇ ಹೇಳಿ ಮುಂದಡಿಯಿಡಬೇಕೆಂಬುದು ಪೂರ್ವಸೂರಿಗಳ ಕಟ್ಟಪ್ಪಣೆ. ಅದರಂತೆ, ಈ ಗ್ರಂಥದ ವಿಷಯ ಅಕೂಸ್ಟಿಕ್ ಗಿಟಾರನ್ನು ವೇದಿಕೆಯ ಮೇಲೆ ನುಡಿಸುವಾಗ ಅದಕ್ಕೆ ಯಾವ ಪಿಕಪ್, ಎಂದರೆ ನಾದವನ್ನು ವಿದ್ಯುತ್ತಾಗಿಸುವ ಸಾಧನ, ಹಾಕಿಸಬೇಕೆಂಬುದು. ಪ್ರಯೋಜನ, ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರಿಗೂ ಗಿಟಾರ್ ಕೇಳಿಸುವುದು ಮತ್ತು ಅದು ಗಿಟಾರೇ ಎಂದು ಅವರಿಗೆ ಅನ್ನಿಸುವುದು. ಸಂಬಂಧ, ಗಿಟಾರಿಗೂ ಮಿಕ್ಸರಿಗೂ ನಡುವೆ ಎಳೆದ, ನಿರೂಪಕಿ ಎರಡು ಸಲ ಎಡವಿದ ಆ ಕೇಬಲ್ಲು. ಇನ್ನು ಅಧಿಕಾರಿ, ಎಂದರೆ ಇದನ್ನು ಓದುವ ಅರ್ಹತೆಯುಳ್ಳವನು ಯಾರು? ಗಿಟಾರ್ ಇರುವವನು, ಅದಕ್ಕೆ ತೂತು ಕೊರೆಸಲು ಮನಸ್ಸು ಗಟ್ಟಿ ಮಾಡಿಕೊಂಡವನು, ಜೇಬಿನಲ್ಲಿ ಹೊಸದೊಂದು 9 ವೋಲ್ಟ್ ಬ್ಯಾಟರಿ ಇಟ್ಟುಕೊಂಡವನು. ಕೊನೆಯ ಅರ್ಹತೆಯಿಲ್ಲದವರು ನೇರವಾಗಿ ಅರ್ಥಾಪತ್ತಿ ಪ್ರಕರಣಕ್ಕೆ ಹೋಗಬಹುದು.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಗಿಟಾರಿಗೆ ಹೊಟ್ಟೆಯಿದೆ, ಹೊಟ್ಟೆಗೆ ತೂತಿದೆ, ನಾದ ತಾನೇ ಹೊರಗೆ ಬರುತ್ತದೆ; ಇಷ್ಟಿರುವಾಗ ಪಿಕಪ್ಪಿನ ಕಲ್ಪನೆ ಗೌರವದೋಷಕ್ಕೆ, ಎಂದರೆ ಬೇಡದ ಭಾರ ಹೇರಿದ ದೋಷಕ್ಕೆ, ಈಡಾಗುವುದಿಲ್ಲವೇ ಎಂದು ಕೇಳುತ್ತಾನೆ. ಒಳ್ಳೆಯ ಪ್ರಶ್ನೆ. ಮನೆಯ ಹಜಾರದಲ್ಲಿ ಅವನೇ ಗೆಲ್ಲುತ್ತಾನೆ. ಆದರೆ ವೇದಿಕೆಯ ಮೇಲೆ ಡ್ರಮ್ಸ್ ಕಟ್ಟುತ್ತಿರುವ ಒಬ್ಬ ಮನುಷ್ಯ ಇರುತ್ತಾನೆ. ಎಲ್ಲೆಲ್ಲಿ ಡ್ರಮ್ಮರನೋ ಅಲ್ಲಲ್ಲಿ ಪಿಕಪ್ಪು ಎಂಬ ವ್ಯಾಪ್ತಿ ಸಿದ್ಧವಾಗಿರುವುದರಿಂದ ಪೂರ್ವಪಕ್ಷಿ ಕೂರತಕ್ಕದ್ದು.

ಈಗ ಪ್ರಮಾಣಗಳು. ಗಿಟಾರ್ ಏನು ಹೇಳುತ್ತಿದೆ ಎಂದು ಮಿಕ್ಸರಿಗೆ ತಿಳಿಯುವ ಬಗೆ ಯಾವುದು?

ಮೈಕ್ ಪಕ್ಷದವರು ಪ್ರತ್ಯಕ್ಷವಾದಿಗಳು. ಕಿವಿ ಕೇಳಿದ್ದೇ ದಿಟ ಎಂಬುದು ಅವರ ಮತ. ಗಿಟಾರಿನ ಕುತ್ತಿಗೆ ಒಡಲನ್ನು ಸೇರುವಲ್ಲಿ, ಒಂದು ಗೇಣು ದೂರದಲ್ಲಿ ಒಳ್ಳೆಯ ಕಂಡೆನ್ಸರ್ ಮೈಕ್ ನಿಲ್ಲಿಸಿ, ಮಿಕ್ಸರಿನಿಂದ ಅದಕ್ಕೆ 48 ವೋಲ್ಟಿನ ಫ್ಯಾಂಟಮ್ ಪವರ್ ಕೊಟ್ಟರೆ ಮರದ ಉಸಿರೂ ಕೇಳುತ್ತದೆ. ನಿಜ, ಇದನ್ನು ಮೀರಿಸುವ ಧ್ವನಿ ಬೇರಾವುದರಿಂದಲೂ ಬರುವುದಿಲ್ಲ. ಸ್ಟುಡಿಯೋದಲ್ಲಿ ಬಹುತೇಕ ಎಲ್ಲರೂ ಇದನ್ನೇ ಮಾಡುತ್ತಾರೆ. ಆದರೆ ಶುದ್ಧ ಪ್ರತ್ಯಕ್ಷಕ್ಕೆ ಪಕ್ಷಪಾತವೆಂಬುದಿಲ್ಲ. ಗಿಟಾರನ್ನು ಕೇಳಿದಷ್ಟೇ ಶ್ರದ್ಧೆಯಿಂದ ಅದು ಹಿಂದಿನ ಸಿಂಬಲ್ಲನ್ನೂ ಪೆಂಡಾಲಿನಾಚೆ ಗುಡುಗುವ ಜನರೇಟರನ್ನೂ ಕೇಳುತ್ತದೆ. ಕೊನೆಗೆ ತನ್ನದೇ ಧ್ವನಿಯನ್ನು ಮಾನಿಟರಿನಿಂದ ಕೇಳಿಸಿಕೊಂಡು ಕುಂಯ್ ಎಂದು ಕೂಗಲಾರಂಭಿಸುತ್ತದೆ.

ಈ ಕೂಗು ತರ್ಕಶಾಸ್ತ್ರದ ಯಾವ ದೋಷಕ್ಕೆ ಸೇರುತ್ತದೆಂಬುದು ಸಣ್ಣ ವಿಷಯವಲ್ಲ. ಮೈಕಿನಿಂದ ಮಿಕ್ಸರಿಗೆ, ಮಿಕ್ಸರಿನಿಂದ ಸ್ಪೀಕರಿಗೆ, ಸ್ಪೀಕರಿನಿಂದ ಮತ್ತೆ ಮೈಕಿಗೆ ಎಂದು ಮೂರು ನೆಲೆಗಳಲ್ಲಿ ಸುತ್ತಿ ಬರುವುದರಿಂದ ಇದು ಚಕ್ರಕ ದೋಷವೆಂದು ಒಂದು ಬಣ. ಪ್ರತಿ ಸುತ್ತಿಗೂ ಸದ್ದು ಹೆಚ್ಚುತ್ತ ಹೋಗಿ ಎಲ್ಲಿಯೂ ನಿಲ್ಲದಿರುವುದರಿಂದ ಅನವಸ್ಥಾ ದೋಷವೆಂದು ಇನ್ನೊಂದು ಬಣ. ಈ ವಾದ ಇತ್ಯರ್ಥವಾಗುವಷ್ಟರಲ್ಲಿ ಟ್ವೀಟರ್ ಸುಟ್ಟಿರುತ್ತದೆ.

ಪ್ರತ್ಯಕ್ಷದಲ್ಲೇ ಇನ್ನೊಂದು ಬಗೆಯುಂಟು. ಅದು ಕಿವಿಯದಲ್ಲ, ಚರ್ಮದ್ದು. ಪೀಜೋ ಪಿಕಪ್ಪು ಗಾಳಿಯಲ್ಲಿ ಬರುವ ಶಬ್ದಕ್ಕೆ ಕಾಯುವುದಿಲ್ಲ, ಒತ್ತಡವನ್ನು ಮುಟ್ಟಿ ತಿಳಿಯುತ್ತದೆ. ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆಂದು 1880ರಲ್ಲಿ ಕಂಡುಹಿಡಿದವರು ಪಿಯರ್ ಕ್ಯೂರಿ ಮತ್ತು ಅವನ ಅಣ್ಣ ಜಾಕ್. ಟೂರ್ಮಲೀನ್, ಕ್ವಾರ್ಟ್ಜ್, ರೋಷೆಲ್ ಉಪ್ಪು ಮಾತ್ರವಲ್ಲ, ಕಬ್ಬಿನ ಸಕ್ಕರೆಯ ಹರಳಿನಲ್ಲೂ ಅವರಿಗೆ ಈ ಗುಣ ಕಂಡಿತು. ಆ ಮಾತು ಮಂಡ್ಯದವರೆಗೆ ಹೊತ್ತಿಗೆ ಸರಿಯಾಗಿ ತಲುಪಿದ್ದರೆ ಪಿಕಪ್ ಉದ್ಯಮ ನಮ್ಮಲ್ಲೇ ಬೆಳೆಯುತ್ತಿತ್ತೆಂಬ ವಾದವನ್ನು ಪ್ರಬಂಧಕಾರ ಇಲ್ಲಿ ಮಂಡಿಸಿ, ಆಧಾರ ಸಾಲದೆಂದು ತಾನೇ ಹಿಂತೆಗೆದುಕೊಳ್ಳುತ್ತಾನೆ.

ಹರಳಿನ ಗುಣ ಗಿಟಾರಿನ ಹೊಟ್ಟೆ ಸೇರಲು ಬಹಳ ಕಾಲ ಹಿಡಿಯಿತು. ಅದನ್ನು ಕಾರ್ಖಾನೆಯಲ್ಲೇ ಒಳಗೆ ಕೂರಿಸಿ ಜನಪ್ರಿಯಗೊಳಿಸಿದವರಲ್ಲಿ ಮುಖ್ಯರು ಅಮೆರಿಕದ ಓವೇಷನ್ ಕಂಪನಿಯವರು. 1966ರಲ್ಲಿ ಅದನ್ನು ಹುಟ್ಟುಹಾಕಿದ ಚಾರ್ಲ್ಸ್ ಕಾಮನ್ ಹೆಲಿಕಾಪ್ಟರ್ ಕಟ್ಟುತ್ತಿದ್ದ ಇಂಜಿನಿಯರು. ನಡುಕವನ್ನು ಅಡಗಿಸುವುದು ಹೇಗೆಂದು ಜೀವಮಾನವಿಡೀ ಚಿಂತಿಸಿದವನಿಗೆ ನಡುಕದಿಂದ ಸಂಗೀತ ತೆಗೆಯುವುದು ಹೇಗೆಂದೂ ಹೊಳೆದಿರಬೇಕು. ಇದು ಶಾಸ್ತ್ರದಲ್ಲಿ ಅಪರೂಪದ ಸಮನ್ವಯ.

ತಂತಿಗಳು ಕೂರುವ ಮೂಳೆಯ ಪಟ್ಟಿಗೆ ಸ್ಯಾಡಲ್ ಎನ್ನುತ್ತಾರೆ. ಹಗುರ ತಂತಿಗಳ ಒಂದು ಸೆಟ್ಟಿನ ಒಟ್ಟು ಎಳೆತ 70 ಕಿಲೋ ತೂಕದಷ್ಟಿರುತ್ತದೆ. ಆ ಸ್ಯಾಡಲ್ಲಿನ ಅಡಿ ತೆಳುವಾದ ಪೀಜೋ ಪಟ್ಟಿ ಮಲಗುತ್ತದೆ. ಪಟ್ಟಿಯ ದಪ್ಪದಷ್ಟು ಸ್ಯಾಡಲ್ಲನ್ನು ಕೆಳಗಿನಿಂದ ಉಜ್ಜಿ ತೆಗೆಯಬೇಕು, ಅದು ಕೂರುವ ತೋಡಿನ ತಳ ಕನ್ನಡಿಯಂತೆ ಸಮವಿರಬೇಕು. ಒಂದು ಕೂದಲೆಳೆ ಓರೆಯಾದರೂ ಆರು ತಂತಿಗಳಲ್ಲಿ ಒಂದು ಮೌನವ್ರತ ಹಿಡಿಯುತ್ತದೆ. ಕೇಬಲ್ ಚುಚ್ಚುವ ಜಾಕಿಗಾಗಿ ಗಿಟಾರಿನ ಬುಡದಲ್ಲಿ ಅರ್ಧ ಇಂಚಿನ ತೂತು ಬೇರೆ. ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದೆನ್ನುವವರ ಮತವನ್ನು ನಾವು ಉಲ್ಲೇಖಿಸುತ್ತೇವೆ, ಅನುಮೋದಿಸುವುದಿಲ್ಲ.

ಸ್ಯಾಡಲ್ ಪೀಜೋವಿನ ಕೀರ್ತಿ, ಅದು ಬೇಗ ಕೂಗುವುದಿಲ್ಲ, ಗಲಾಟೆಯ ನಡುವೆಯೂ ಚುರುಕಾಗಿ ಮುಂದೆ ಬರುತ್ತದೆ. ಅಪಕೀರ್ತಿ, ಜೋರಾಗಿ ಬಾರಿಸಿದಾಗ ಅದು ಬಾತುಕೋಳಿಯಾಗುತ್ತದೆ. ಈ ಬಿರುದು ಪ್ರಬಂಧಕಾರ ಕೊಟ್ಟದ್ದಲ್ಲ. ಗಿಟಾರ್ ವಾದಕರೇ ಅದನ್ನು ಕ್ವಾಕ್ ಎಂದು ಕರೆಯುತ್ತ ಬಂದಿದ್ದಾರೆ. ಆ ದನಿಯ ಒಂದಂಶ ಪೀಜೋವಿನದ್ದೇ, ಒಪ್ಪಬೇಕು. ಆದರೆ ಉಳಿದ ಪಾಪ ಯಾರದೆಂದು ಲೆಕ್ಕ ಹಾಕಿ ನೋಡೋಣ. ಪೀಜೋ ಎಂಬುದು ವಿದ್ಯುತ್ತಿನ ದೃಷ್ಟಿಯಲ್ಲಿ ಸಣ್ಣ ಕೆಪಾಸಿಟರು. ಅದರ ಧಾರಕತೆ 1 ನ್ಯಾನೋಫ್ಯಾರಡ್ ಎಂದಿಟ್ಟುಕೊಳ್ಳಿ. ಅದನ್ನು ಮಿಕ್ಸರಿನ 10 ಕಿಲೋಓಮ್‌ನ ಲೈನ್ ಇನ್‌ಪುಟ್ಟಿಗೆ ನೇರವಾಗಿ ಚುಚ್ಚಿದರೆ ಸುಮಾರು 16,000 ಹರ್ಟ್ಜ್‌ಗಿಂತ ಕೆಳಗಿನದೆಲ್ಲ ಇಳಿಜಾರಿನಲ್ಲಿ ಜಾರುತ್ತದೆ. ಗಿಟಾರಿನ ಅತಿ ದಪ್ಪ ತಂತಿಯ ಶ್ರುತಿ 82 ಹರ್ಟ್ಜ್, ಅತಿ ತೆಳುವಿನದು 330. ಅಂದರೆ ವಾದಕ ನುಡಿಸಿದ್ದೆಲ್ಲ ಸೋರಿ ಹೋಗಿ, ಉಗುರು ತಂತಿಗೆ ತಾಗಿದ ಸದ್ದು ಮಾತ್ರ ಸಭೆಗೆ ತಲುಪುತ್ತದೆ. ಅದೇ ಪೀಜೋವನ್ನು 10 ಮೆಗಾಓಮ್‌ನ ಪ್ರಿಆಂಪಿಗೆ, ಎಂದರೆ ದುರ್ಬಲ ಸಂಕೇತವನ್ನು ಬಲಪಡಿಸುವ ಪೆಟ್ಟಿಗೆಗೆ, ಕೊಟ್ಟರೆ ಆ ಗೆರೆ 16 ಹರ್ಟ್ಜ್‌ಗೆ ಇಳಿಯುತ್ತದೆ, ಇಡೀ ಗಿಟಾರ್ ಮೇಲೆ ನಿಲ್ಲುತ್ತದೆ. ಬಾತುಕೋಳಿಯ ಅರ್ಧ ಆಯುಸ್ಸು ಈ ಗುಣಾಕಾರದಲ್ಲಿದೆ. ಒಳಗೆ ಪ್ರಿಆಂಪ್ ಇಲ್ಲದ ಪೀಜೋ ಕೊಂಡವರು ಹೊರಗೊಂದು ಪ್ರಿಆಂಪನ್ನೋ ಗಿಟಾರನ್ನು ಮಿಕ್ಸರಿಗೆ ಹೊಂದಿಸುವ, ಹೆಚ್ಚು ಇಂಪೀಡೆನ್ಸಿನ ಆಕ್ಟಿವ್ ಡಿಐ ಬಾಕ್ಸನ್ನೋ ಕೊಳ್ಳದಿದ್ದರೆ ಬೈಗುಳಕ್ಕೆ ತಾವೇ ಪಾತ್ರರು.

ಇದೇ ಸ್ಪರ್ಶವಾದಿಗಳಲ್ಲಿ ಒಂದು ಸಾತ್ತ್ವಿಕ ಶಾಖೆಯಿದೆ. ಇವರು ಸ್ಯಾಡಲ್ಲಿನ ತಂಟೆಗೆ ಹೋಗದೆ, ಗಿಟಾರಿನ ಒಳಗೆ ಬ್ರಿಡ್ಜಿನ ಕೆಳಗಿರುವ ಮರದ ಹಲಗೆಗೆ ಎರಡು ಮೂರು ಪುಟ್ಟ ಬಿಲ್ಲೆಗಳನ್ನು ಅಂಟಿಸುತ್ತಾರೆ. ತಂತಿಯ ಒತ್ತಡಕ್ಕಿಂತ ಮರದ ನಡುಕವನ್ನೇ ಕೇಳುವುದರಿಂದ ಧ್ವನಿ ಬೆಚ್ಚಗೆ, ಸಹಜವಾಗಿ ಬರುತ್ತದೆ. ಒಡಲನ್ನು ತಟ್ಟಿ ತಾಳ ಹಾಕುವವರಿಗೆ ಇದು ವರದಾನ, ಅಂಗಿಯ ಗುಂಡಿ ತಾಗಿದರೂ ಸಭೆಗೆ ಕೇಳುತ್ತದೆಂಬುದು ಶಾಪ. ನಮ್ಮ ವೀಣೆಗೆ ಕಾಂಟ್ಯಾಕ್ಟ್ ಮೈಕ್ ಅಂಟಿಸಿಕೊಂಡು ಕಛೇರಿ ಮಾಡುವವರು ಈ ಶಾಖೆಯ ಸಗೋತ್ರರು. ಒಬ್ಬರೇ ಕೂತು ನುಡಿಸುವ ಶಾಂತ ಸಭೆಯಲ್ಲಿ ಪ್ರಬಂಧಕಾರನ ಒಲವು ಈ ಕಡೆಗೇ. ಡ್ರಮ್ಸ್ ಪಕ್ಕದಲ್ಲಿ ಮಾತ್ರ ಸಾತ್ತ್ವಿಕರು ಬೇಗ ತಾಳ್ಮೆ ಕಳೆದುಕೊಳ್ಳುತ್ತಾರೆ. ಮರ ಸ್ಪೀಕರಿನ ಸದ್ದಿಗೂ ನಡುಗುತ್ತದಲ್ಲ! ಅದರಲ್ಲೂ 100 ಹರ್ಟ್ಜ್ ಆಸುಪಾಸಿನಲ್ಲಿ ಗಿಟಾರಿನ ಒಡಲೊಳಗಿನ ಗಾಳಿಯೇ ಅನುರಣಿಸುವುದರಿಂದ ಅಲ್ಲೇ ಗುಂಯ್‌ಗುಡುವುದು ಹೆಚ್ಚು. ಸೌಂಡ್‌ಹೋಲಿಗೆ ರಬ್ಬರಿನ ಮುಚ್ಚಳ, ಪ್ರಿಆಂಪಿನಲ್ಲಿ ನಾಚ್ ಫಿಲ್ಟರ್ ಮತ್ತು ಫೇಸ್ ಗುಂಡಿ, ಇಲ್ಲವೇ ಎರಡು ಹೆಜ್ಜೆ ಪಕ್ಕಕ್ಕೆ ಸರಿಯುವುದು, ಇವು ವಿಹಿತ ಪ್ರಾಯಶ್ಚಿತ್ತಗಳು. ಕೊನೆಯದಕ್ಕೆ ಖರ್ಚಿಲ್ಲವಾದ್ದರಿಂದ ಯಾರೂ ಆಚರಿಸುವುದಿಲ್ಲ.

ಅನುಮಾನ ಪ್ರಮಾಣಕ್ಕೆ ಬರೋಣ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯಿದೆಯೆಂದು ಊಹಿಸುವ ನೈಯಾಯಿಕನ ಪದ್ಧತಿಯನ್ನು ಅಚ್ಚುಕಟ್ಟಾಗಿ ಪಾಲಿಸುವುದು ಮ್ಯಾಗ್ನೆಟಿಕ್ ಪಿಕಪ್ಪು. ಅಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ಮೇಲೆ ಉಕ್ಕಿನ ತಂತಿ ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ತು. ಅದು ಗಿಟಾರನ್ನು ಕೇಳುವುದೇ ಇಲ್ಲ. ಮರ ರೋಸ್‌ವುಡ್ಡೋ ಪ್ಲೈವುಡ್ಡೋ ಅದಕ್ಕೆ ಬಹುಪಾಲು ಒಂದೇ. ತಂತಿ ಅಲುಗಿತು, ಆದ್ದರಿಂದ ಗಿಟಾರ್ ಇದ್ದಿರಬೇಕು ಎಂದಷ್ಟೇ ಅದರ ನಿಗಮನ. ಕೇಳದಿರುವುದರಿಂದಲೇ ಕೂಗುವುದೂ ಕಡಿಮೆ. ಸೌಂಡ್‌ಹೋಲಿಗೆ ಸಿಕ್ಕಿಸುವ ಬಗೆಯದಾದರೆ ಕೊರೆಯಬೇಕಿಲ್ಲ, ಕಾರ್ಯಕ್ರಮ ಮುಗಿದ ಮೇಲೆ ಕಳಚಿ ಚೀಲಕ್ಕೆ ಹಾಕಬಹುದು.

ಈ ಅನುಮಾನಕ್ಕೆ ಹೇತ್ವಾಭಾಸಗಳೂ, ಎಂದರೆ ದೋಷಗಳೂ, ಇವೆ. ನೈಲಾನ್ ತಂತಿಗೆ ಇದು ಕುರುಡು. ಕ್ಲಾಸಿಕಲ್ ಗಿಟಾರಿನವರು ಇದನ್ನು ಕೊಂಡರೆ ಅಂಗಡಿಯವನಿಗೆ ಮಾತ್ರ ಪ್ರಯೋಜನ. ಕಂಚು ಸುತ್ತಿದ ತಂತಿಯಲ್ಲಿ ಕಂಚು ಅದರ ಲೆಕ್ಕಕ್ಕಿಲ್ಲ, ಒಳಗಿನ ಉಕ್ಕಿನ ಎಳೆ ಮಾತ್ರ. ಹಾಗಾಗಿ ಸುತ್ತಿಲ್ಲದ ಎರಡನೆಯ ತಂತಿ ಮೆರವಣಿಗೆಯಲ್ಲಿ ತಾನೇ ಮುಂದೆ ನಡೆಯುತ್ತದೆ. ಅದನ್ನು ಹಿಂದಕ್ಕೆ ಕಳಿಸಲೆಂದೇ ಒಳ್ಳೆಯ ಪಿಕಪ್ಪುಗಳಲ್ಲಿ ತಿರುಪು ಕೊಟ್ಟಿರುತ್ತಾರೆ. ಒಂದೇ ಸುರುಳಿಯದಾದರೆ 50 ಹರ್ಟ್ಜ್‌ನ ಕರೆಂಟಿನ ಗುಂಯ್‌ಕಾರವೂ ಉಚಿತ. ಗಣೇಶೋತ್ಸವದ ಪೆಂಡಾಲಿನಲ್ಲಿ ಸೀರಿಯಲ್ ಸೆಟ್ ಮಿನುಗಿದಂತೆಲ್ಲ ಗಿಟಾರೂ ಮಂತ್ರ ಹೇಳಬಾರದೆಂದಿದ್ದರೆ ಎರಡು ಸುರುಳಿಯ ಹಂಬಕರನ್ನೇ ಕೊಳ್ಳಿ.

ಈ ದರ್ಶನದ ಇತಿಹಾಸ ವೈರುಧ್ಯಗಳಿಂದ ಸಮೃದ್ಧ. ಗಿಬ್ಸನ್ ಕಂಪನಿ 1954ರಲ್ಲಿ ಜೆ-160ಇ ಎಂಬ ಅಕೂಸ್ಟಿಕ್ ಗಿಟಾರನ್ನು ಮ್ಯಾಗ್ನೆಟಿಕ್ ಪಿಕಪ್ ಸಮೇತ ತಂದಿತು. ಕೂಗದಿರಲೆಂದು ಮುಂದೆ ಅದರ ಮುಖಕ್ಕೆ ಪ್ಲೈವುಡ್ಡನ್ನೇ ಹಾಕಿತು. 1962ರಲ್ಲಿ ಬೀಟಲ್ಸ್ ತಂಡದ ಜಾನ್ ಲೆನನ್ ಒಂದನ್ನು ಕೊಂಡ. 1964ರ ‘ಐ ಫೀಲ್ ಫೈನ್’ ಹಾಡಿನ ಮೊದಲಿಗೆ ಬರುವ ಜಗತ್ಪ್ರಸಿದ್ಧ ಫೀಡ್‌ಬ್ಯಾಕ್ ಕೂಗು ಅದೇ ಮಾದರಿಯ ಗಿಟಾರಿನದು. ಯಾವುದನ್ನು ತಡೆಯಲು ಇಡೀ ವಾದ್ಯದ ಮುಖ ಬದಲಾಯಿತೋ ಅದೇ ಅದರ ಹೆಸರುಳಿಸಿತು.

ಇನ್ನೊಂದು ಇದಕ್ಕೂ ಗಹನ. 1993ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ನಿರ್ವಾಣ ತಂಡ ಎಂಟಿವಿಯ ‘ಅನ್‌ಪ್ಲಗ್ಡ್’ ಕಾರ್ಯಕ್ರಮ ಕೊಟ್ಟಿತು. ಪ್ಲಗ್ ಚುಚ್ಚದೆ ನುಡಿಸುವುದೇ ಅದರ ಪ್ರತಿಜ್ಞೆ. ತಂಡದ ಗಾಯಕ ಕರ್ಟ್ ಕೊಬೇನನ ಕೈಯಲ್ಲಿದ್ದದ್ದು 1959ರ ಮಾರ್ಟಿನ್ ಡಿ-18ಇ. ಕಾರ್ಖಾನೆಯಲ್ಲೇ ಕೂರಿಸಿದ ಡಿ ಆರ್ಮಂಡ್ ಮ್ಯಾಗ್ನೆಟಿಕ್ ಪಿಕಪ್ಪುಗಳು ಅದರಲ್ಲಿದ್ದವು, ಸಾಲದೆಂದು ಸೌಂಡ್‌ಹೋಲಿನಲ್ಲಿ ಬಾರ್ಟೊಲಿನಿ ಪಿಕಪ್ ಬೇರೆ. ಅದು ಹೋಗಿ ಸೇರುತ್ತಿದ್ದದ್ದು ಮಾನಿಟರಿನ ವೇಷ ತೊಟ್ಟು ಕೂತ ಫೆಂಡರ್ ಆಂಪಿಗೆ. ಪ್ರತಿಜ್ಞಾ ವಿರೋಧವೆಂಬ ನಿಗ್ರಹಸ್ಥಾನಕ್ಕೆ, ಎಂದರೆ ವಾದದಲ್ಲಿ ಸೋಲುವ ನೆಲೆಗೆ, ಇದಕ್ಕಿಂತ ನಿಚ್ಚಳವಾದ ಉದಾಹರಣೆಯನ್ನು ತರ್ಕದ ವಿದ್ಯಾರ್ಥಿಗಳು ಹುಡುಕಬೇಕಿಲ್ಲ. 2020ರ ಜೂನಿನಲ್ಲಿ ಆ ಗಿಟಾರ್ 60 ಲಕ್ಷ ಡಾಲರಿಗೂ ಮೀರಿ ಹರಾಜಾಯಿತು. ಕೊಂಡವರು ಆಸ್ಟ್ರೇಲಿಯಾದ ಪೀಟರ್ ಫ್ರೀಡ್‌ಮನ್. ಅವರು ಕಟ್ಟಿದ ರೋಡ್ ಕಂಪನಿ ಮಾಡುವುದು ಮೈಕುಗಳನ್ನು. ಪ್ರತ್ಯಕ್ಷವಾದಿಯೇ ಅನುಮಾನಕ್ಕೆ ಇಷ್ಟು ಬೆಲೆ ಕಟ್ಟಿದ ಮೇಲೆ ಸಣ್ಣವರು ಜಗಳವಾಡುವುದು ಶೋಭಿಸದು.

ಉಪಮಾನವನ್ನು ಬೇಗ ಮುಗಿಸೋಣ. ಹಸುವಿನಂತಿರುವುದು ಗವಯ ಎಂದು ಕೇಳಿದ್ದವನು ಕಾಡಿನಲ್ಲಿ ಅಂಥದೊಂದನ್ನು ಕಂಡು ಗುರುತಿಸಿದ ಹಾಗೆ, ಸ್ಟುಡಿಯೋದ ಮೈಕಿನಲ್ಲಿ ಹಿಡಿದ ಗಿಟಾರ್ ಹೇಗಿರುತ್ತದೆಂದು ಮೊದಲೇ ಕಲಿತಿಟ್ಟುಕೊಂಡು, ಪೀಜೋವಿನ ಧ್ವನಿಯನ್ನು ಅದರಂತೆ ತಿದ್ದುವ ಪೆಟ್ಟಿಗೆಗಳಿವೆ. ಫಿಶ್‌ಮನ್ ಕಂಪನಿಯ ಆರಾ ಇವುಗಳಲ್ಲಿ ಹೆಸರಾದದ್ದು. ಚೆನ್ನಾಗಿಯೇ ಕೇಳುತ್ತದೆ. ಹಸು ಮನೆಯಲ್ಲೇ ಇದ್ದಾಗ ಗವಯವೇಕೆಂದು ಕೇಳುವವರು ಹಸುವನ್ನು ಡ್ರಮ್ಸ್ ಪಕ್ಕದಲ್ಲಿ ಕಟ್ಟಿ ನೋಡಲಿ.

ಶಬ್ದಪ್ರಮಾಣವೆಂದರೆ ಆಪ್ತವಾಕ್ಯ. ವೇದಿಕೆಯ ಮಟ್ಟಿಗೆ ಆಪ್ತನು ಮೈಕ್‌ಸೆಟ್ಟಿನವನು. ಅವನ ವಾಕ್ಯಗಳು ಸೂತ್ರಪ್ರಾಯವಾಗಿರುತ್ತವೆ.

“ಗುರೂ, ಗಿಟಾರಿಗೆ ಸ್ವಲ್ಪ ಬೇಸ್ ಕೊಡ್ತೀರಾ?”

“ಕೊಟ್ಟಿದೀನಿ ಸಾರ್.”

“ಕೇಳಿಸ್ತಾ ಇಲ್ವಲ್ಲ?”

“ಹೊರಗೆ ಸಕತ್ತಾಗಿ ಬರ್ತಿದೆ ಸಾರ್, ನೀವು ಹೊಡೀರಿ.”

ಈ ಸಂಭಾಷಣೆಯ ಉದ್ದಕ್ಕೂ ಅವನ ಕೈ ಮಿಕ್ಸರನ್ನು ಮುಟ್ಟಿರುವುದಿಲ್ಲ. ಆದರೂ ಶಬ್ದ ಸ್ವತಃಪ್ರಮಾಣವೆಂಬುದು ಮೀಮಾಂಸಕರ ನಿಲುವಾದ್ದರಿಂದ ಒಪ್ಪಲೇಬೇಕು. ಒಪ್ಪದಿದ್ದರೆ ಮುಂದಿನ ಹಾಡಿಗೆ ಮಾನಿಟರೂ ಇರುವುದಿಲ್ಲ.

ಉಳಿದದ್ದು ಅರ್ಥಾಪತ್ತಿ. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ರಾತ್ರಿ ಉಣ್ಣುತ್ತಾನೆಂದು ಕಲ್ಪಿಸದೆ ಗತಿಯಿಲ್ಲ. ಹಾಗೆಯೇ ವಾದಕನ ಬೆರಳು ಓಡುತ್ತಿದೆ, ಕೇಬಲ್ ಸರಿಯಿದೆ, ಫೇಡರ್ ಮೇಲಿದೆ, ಆದರೂ ಗಿಟಾರ್ ಕರಕರ ಎಂದು ಕೆಮ್ಮಿ ಸುಮ್ಮನಾಗುತ್ತಿದೆ. ಬ್ಯಾಟರಿ ಸತ್ತಿದೆಯೆಂದು ಕಲ್ಪಿಸದೆ ಗತಿಯಿಲ್ಲ. ಒಳಗೆ ಪ್ರಿಆಂಪಿರುವ ಗಿಟಾರುಗಳಲ್ಲಿ ಸಾಮಾನ್ಯವಾಗಿ ಜಾಕೇ ಸ್ವಿಚ್ಚು. ಕೇಬಲ್ ಚುಚ್ಚಿದ್ದಷ್ಟು ಹೊತ್ತೂ, ನೀವು ನುಡಿಸಲಿ ಮಲಗಲಿ, ಬ್ಯಾಟರಿ ಕರಗುತ್ತಲೇ ಇರುತ್ತದೆ. ರಿಹರ್ಸಲ್ ಮುಗಿಸಿ ಕೇಬಲ್ ಕೀಳದೆ ಮನೆಗೆ ಹೋದ ದೇವದತ್ತರು ನಮ್ಮಲ್ಲಿ ಬಹಳ.

ಆದ್ದರಿಂದ ಸಿದ್ಧಾಂತ ಹೀಗೆ. ಪಿಕಪ್ಪನ್ನು ಗಿಟಾರಿನ ಮುಖ ನೋಡಿ ಆರಿಸಬಾರದು, ಪಕ್ಕದಲ್ಲಿ ನಿಲ್ಲುವವನ ಮುಖ ನೋಡಿ ಆರಿಸಬೇಕು. ಒಂಟಿಯಾಗಿ ಹಾಡುವವರಿಗೆ ಬ್ರಿಡ್ಜಿನ ಕೆಳಗಿನ ಬಿಲ್ಲೆಗಳು. ತಬಲಾ, ಕೀಬೋರ್ಡಿನೊಡನೆ ಸುಗಮ ಸಂಗೀತಕ್ಕೆ ಸ್ಯಾಡಲ್ ಪೀಜೋ ಮತ್ತು ಒಳ್ಳೆಯ ಪ್ರಿಆಂಪ್. ಡ್ರಮ್ಸ್, ಬೇಸ್ ಗಿಟಾರುಗಳ ತಂಡಕ್ಕೆ ಸೌಂಡ್‌ಹೋಲಿನ ಹಂಬಕರ್. ನೈಲಾನ್ ತಂತಿಯವರಿಗೆ ಪೀಜೋ ಬಿಟ್ಟರೆ ಮೈಕು. ಹಣವಿದ್ದವರು ಎರಡನ್ನು ಬೆರೆಸಲಿ.

ಕೊನೆಯದಾಗಿ ಕಾರ್ಯಕ್ರಮದ ಸಂಘಟಕರಲ್ಲಿ ವಿನಂತಿ: ಕಲಾವಿದರಿಗೆ ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಕೊಡುತ್ತೀರಿ, ಸಂತೋಷ. ಮುಂದಿನ ಸಲ ಹಣ್ಣಿನ ಬುಟ್ಟಿ ಬಿಟ್ಟು ಆ ದುಡ್ಡಿನಲ್ಲಿ ಒಂದು ಡಿಐ ಬಾಕ್ಸ್ ಬಾಡಿಗೆಗೆ ತರಿಸಿಡಿ.