ಇನ್ನೊಂದೇ ಸರದಿ

ಕಳೆದ ಆಷಾಢದಲ್ಲಿ ಒಂದೇ ದಿನ ನಾನು ಮೂರು ಪಟ್ಟಣಗಳನ್ನೂ ಒಂದು ಬಂದರನ್ನೂ ಕಳೆದುಕೊಂಡೆ. ಅದೇ ದಿನ ಒಲೆಯ ಮೇಲೆ ಹಾಲು ಉಕ್ಕಿಹೋಯಿತು. ಮನೆಯಲ್ಲಿ ದೊಡ್ಡ ಸುದ್ದಿಯಾದದ್ದು ಹಾಲೇ. "ಒಂದು ನಿಮಿಷ ನೋಡ್ಕೊಳ್ಳಿ ಅಂತ ಹೇಳಿ ಹೂವು ತರೋಕೆ ಹೋದ್ರೆ, ಇವರು ಯಾರ ಜೊತೇನೋ ಸಂಧಾನ ಮಾಡ್ತಾ ಕೂತಿದಾರೆ ಕಣ್ರೀ" ಎಂದು ನನ್ನಾಕೆ ಕಾಂಪೌಂಡ್ ಗೋಡೆಯ ಮೇಲಿಂದ ಪಕ್ಕದ ಮನೆಯವರಿಗೆ ವರದಿ ಒಪ್ಪಿಸಿದಳು.

ಸಂಧಾನ ನಡೆದದ್ದು ರೋಮನ್ನರ ಜೊತೆ. ಅದನ್ನು ಆಕೆಗೆ ವಿವರಿಸುವ ಧೈರ್ಯ ನನಗಿರಲಿಲ್ಲ.

ನಿವೃತ್ತನಾದ ಮೇಲೆ ನನಗೆ ಸಿಂಹಾಸನ ಕೊಡಿಸಿದವನು ತಂಗಿಯ ಮಗ. ಕಾಲೇಜಿಗೆಂದು ಬಂದು ಮೈಸೂರಿನ ಅಗ್ರಹಾರದ ನಮ್ಮ ಮನೆಯ ಮಹಡಿಯಲ್ಲಿದ್ದಾನೆ. "ಮಾವ, ಸದಾ ಇತಿಹಾಸ ಇತಿಹಾಸ ಅಂತೀರಲ್ಲ, ಇದನ್ನ ಒಂದ್ಸಲ ಆಡಿ" ಎಂದು ಕಂಪ್ಯೂಟರಿನ ಮುಂದೆ ಕೂರಿಸಿದ. ಆಟದ ಹೆಸರು ಸಿವಿಲೈಜೇಷನ್. ಸಿಡ್ ಮೇಯರ್ ಎಂಬಾತ 1991ರಲ್ಲಿ ಮೊದಲು ಹೊರತಂದದ್ದು. ನಾನು ಆಡಿದ್ದು ಆರನೆಯ ಅವತಾರ. ಕ್ರಿ.ಪೂ. 4000ದಲ್ಲಿ ಒಂದು ಗುಂಪು ವಲಸೆಗಾರರನ್ನೂ ಒಬ್ಬ ದೊಣ್ಣೆ ಹಿಡಿದ ಯೋಧನನ್ನೂ ಕೈಗೆ ಕೊಟ್ಟು, ಇನ್ನು ನಿನ್ನ ಪಾಡು ಅನ್ನುತ್ತದೆ. ಊರು ಕಟ್ಟಬೇಕು, ಗದ್ದೆ ಮಾಡಬೇಕು, ನೆರೆಯವರೊಡನೆ ಕಾದಾಡಬೇಕು ಇಲ್ಲವೇ ಕೈಕುಲುಕಬೇಕು. ಎಲ್ಲವೂ ಸರದಿಯ ಮೇಲೆ. ನನ್ನ ಸರದಿ ಮುಗಿಯಿತು ಎಂದು ನಾನು ಒತ್ತುವ ತನಕ ಇಡೀ ಪ್ರಪಂಚ ಉಸಿರು ಬಿಗಿಹಿಡಿದು ಕಾಯುತ್ತದೆ. ಹಾಲು ಮಾತ್ರ ಕಾಯುವುದಿಲ್ಲ.

ಸರದಿ ನನಗೆ ಹೊಸದಲ್ಲ. ನಾನು ಬೆಳೆದದ್ದು ಇದೇ ಅಗ್ರಹಾರದ ಒಂದು ವಠಾರದಲ್ಲಿ. ಏಳು ಮನೆ, ಒಂದು ನಲ್ಲಿ. ನಸುಕಿನಲ್ಲಿ ನೀರು ಬಿಡುವ ಹೊತ್ತಿಗೆ ಕೊಡಗಳ ಸಾಲು ನಿಂತಿರುತ್ತಿತ್ತು. ಯಾರ ಕೊಡದ ಹಿಂದೆ ಯಾರದ್ದು ಅನ್ನುವುದರ ಮೇಲೆ ಆ ದಿನದ ಯುದ್ಧ-ಶಾಂತಿಗಳು ನಿಂತಿದ್ದವು. ಎಡಮಗ್ಗುಲ ಮನೆಯವರಿಗೂ ನಮಗೂ ಬಟ್ಟೆ ಒಣಹಾಕುವ ತಂತಿಯ ಗಡಿ ತಕರಾರು. ಅವರಿಂದಾಚೆಯ ಮನೆಯವರಿಗೂ ಅವರಿಗೂ ಬಚ್ಚಲ ನೀರಿನ ತಕರಾರು. ಹಾಗಾಗಿ ಆಚೆ ಮನೆಯವರು ನಮಗೆ ಪರಮಾಪ್ತರು. ಹಬ್ಬದ ದಿನ ಅಮ್ಮ ಕೋಸಂಬರಿಯ ಬಟ್ಟಲನ್ನು ಸೆರಗಿನಡಿ ಇಟ್ಟುಕೊಂಡು ಶತ್ರುವಿನ ಹೊಸಲು ದಾಟಿ ಮಿತ್ರರಾಷ್ಟ್ರಕ್ಕೆ ತಲುಪಿಸುತ್ತಿದ್ದಳು. ಅಮ್ಮ ಎಡಮಗ್ಗುಲವರ ಜೊತೆ ಜಗಳಕ್ಕೆ ನಿಂತಾಗ ಹಿಂದಿನ ಮನೆಯಾಕೆ ಸದ್ದಿಲ್ಲದೆ ತನ್ನ ಕೊಡವನ್ನು ಒಂದು ಮೊಳ ಮುಂದಕ್ಕೆ ಸರಿಸುತ್ತಿದ್ದುದೂ ಉಂಟು.

ಎಷ್ಟೋ ವರ್ಷದ ಮೇಲೆ ಕೌಟಿಲ್ಯನ ಅರ್ಥಶಾಸ್ತ್ರ ಓದುವಾಗ ಬೆಚ್ಚಿಬಿದ್ದೆ. ನಮ್ಮ ವಠಾರ ಪೂರ್ತಿ ಅದರಲ್ಲಿತ್ತು. ಗೆಲ್ಲಬಯಸುವ ರಾಜ ನಡುವೆ, ಅವನ ಗಡಿಗೆ ತಗುಲಿಕೊಂಡವನು ಅರಿ, ಅರಿಯಿಂದಾಚೆಯವನು ಮಿತ್ರ. ಎದುರು ನೋಡುತ್ತಾ ನಿಂತಾಗ ಹಿಂದಿನಿಂದ ಹಿಮ್ಮಡಿ ಹಿಡಿಯುವವನಿಗೆ ಪಾರ್ಷ್ಣಿಗ್ರಾಹ ಎಂಬ ಹೆಸರೇ ಇದೆ. ಹಿಂದಿನ ಮನೆಯಾಕೆಗೆ ಆ ಬಿರುದು ಗೊತ್ತಿದ್ದರೆ ಹೆಮ್ಮೆಪಡುತ್ತಿದ್ದಳೇನೋ. ಇನ್ನು ಎಲ್ಲರಿಗಿಂತ ಬಲಶಾಲಿಯಾಗಿ, ಯಾರ ಗೊಡವೆಗೂ ಬಾರದೆ ದೂರದಲ್ಲಿರುವ ಉದಾಸೀನ ರಾಜ ಒಬ್ಬನುಂಟು. ಆತ ನಮ್ಮ ವಠಾರದ ಮಾಲೀಕರು. ತಿಂಗಳ ಮೊದಲ ವಾರ ಬಾಡಿಗೆಗೆ ಬರುತ್ತಿದ್ದರು.

ಆ ಗ್ರಂಥ ಮತ್ತೆ ಲೋಕಕ್ಕೆ ಸಿಕ್ಕಿದ್ದೂ ನಮ್ಮೂರಲ್ಲೇ. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟುಹೋಗಿದ್ದ ತಾಳೆಗರಿಯ ಕಟ್ಟನ್ನು ಬಿಚ್ಚಿ, ಇದು ಕೌಟಿಲ್ಯನದು ಎಂದು ಗುರುತಿಸಿದವರು ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ಅದುವರೆಗೆ ಬೇರೆಯವರ ಪುಸ್ತಕಗಳಲ್ಲಿ ಹೆಸರಾಗಿ, ಉಲ್ಲೇಖವಾಗಿ ಉಳಿದಿದ್ದ ಶಾಸ್ತ್ರಕ್ಕೆ ಮೈ ಬಂದದ್ದು ಹಾಗೆ.

ಅಳಿಯನಿಗೆ ಇದನ್ನು ಹೇಳಿದರೆ ಅವನು ನಕ್ಕು ತೆರೆ ತೋರಿಸಿದ. ಆಟದಲ್ಲಿ ಭಾರತದ ಪಟ್ಟಕ್ಕೆ ಗಾಂಧೀಜಿ ಇದ್ದಾರೆ. 2018ರ ವಿಸ್ತರಣೆಯಲ್ಲಿ ಚಂದ್ರಗುಪ್ತ ಮೌರ್ಯನೂ ಸೇರಿಕೊಂಡ. ಗಾಂಧೀಜಿಯದ್ದೊಂದು ಪುರಾಣವೇ ಇದೆ. ಹಳೆಯ ಆವೃತ್ತಿಯಲ್ಲಿ ಲೆಕ್ಕದ ದೋಷದಿಂದ ಅವರ ಜಗಳಗಂಟತನ ಸೊನ್ನೆಗಿಂತ ಕೆಳಗಿಳಿಯಲು ಹೋಗಿ ಸುತ್ತುಹಾಕಿ 255ಕ್ಕೆ ಏರಿತು, ಅವರು ಎಲ್ಲರ ಮೇಲೂ ಅಣುಬಾಂಬ್ ಹಾಕತೊಡಗಿದರು ಎಂದು. ಅಂಥ ದೋಷ ಇರಲೇ ಇಲ್ಲ ಎಂದು ಮೇಯರ್ ತಮ್ಮ ಆತ್ಮಕಥೆಯಲ್ಲಿ ಹೇಳಿದರು, ಯಾರೂ ಕೇಳಿಸಿಕೊಳ್ಳಲಿಲ್ಲ. ನಾನು ಚಂದ್ರಗುಪ್ತನನ್ನು ಆರಿಸಿಕೊಂಡೆ. ಅವನ ವಿಶೇಷ ಶಕ್ತಿಯ ಹೆಸರೇ ಅರ್ಥಶಾಸ್ತ್ರ! ನೆರೆರಾಜ್ಯದ ಮೇಲೆ ವಿಸ್ತರಣೆಯ ಯುದ್ಧ ಸಾರಿದರೆ ಮೊದಲ ಹತ್ತು ಸರದಿ ಅವನ ಸೈನ್ಯ ಬೇಗ ನಡೆಯುತ್ತದೆ, ಗಟ್ಟಿಯಾಗಿ ಹೊಡೆಯುತ್ತದೆ. ನಮ್ಮೂರ ಲೈಬ್ರರಿಯ ತಾಳೆಗರಿ ಲೋಕ ಸುತ್ತಿ, ಕುದುರೆಗೆ ವೇಗ ಕೊಡುವ ಟಾನಿಕ್ಕಾಗಿ ಮನೆಗೆ ವಾಪಸಾಗಿತ್ತು.

ಆದರೆ ಕೌಟಿಲ್ಯ ಅಷ್ಟು ಅವಸರದವನಲ್ಲ. ಆರು ನೀತಿ ಹೇಳುತ್ತಾನೆ: ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ. ಸಂಧಿಯಿಂದಲೂ ಯುದ್ಧದಿಂದಲೂ ಬರುವ ಲಾಭ ಒಂದೇ ಆದರೆ ಸಂಧಿಯನ್ನೇ ಹಿಡಿ, ಯುದ್ಧದಲ್ಲಿ ಜನ ಹೋಗುತ್ತಾರೆ, ಹಣ ಹೋಗುತ್ತದೆ, ಮನೆ ಬಿಟ್ಟು ದೂರ ಇರಬೇಕಾಗುತ್ತದೆ ಅನ್ನುತ್ತಾನೆ. ದಂಡೆತ್ತಿ ಹೋಗುವುದಕ್ಕೂ ಸುಮ್ಮನೆ ಕೂತಿರುವುದಕ್ಕೂ ಅದೇ ಲೆಕ್ಕ: ಲಾಭ ಸಮವಾದರೆ ಆಸನವೇ ಮೇಲು. ಮೈಸೂರಿನವರಿಗೆ ಇದನ್ನು ತಿಳಿಯಲು ಗ್ರಂಥ ಬೇಕಿತ್ತೇ? ಬೆಳಗಿನ ಕಾಫಿಯಾದ ಮೇಲೆ ಜಗುಲಿಯ ಮೇಲೆ ಹನ್ನೊಂದರ ತನಕ ನಾವು ಆಚರಿಸುತ್ತಿದ್ದದ್ದು ಇದೇ ರಾಜನೀತಿ. ಆಟದಲ್ಲೂ ನಾನು ಅದನ್ನೇ ಹಿಡಿದೆ. ಚಂದ್ರಗುಪ್ತನ ಕುದುರೆಗಳು ಮೇವು ತಿಂದು ಕೊಬ್ಬಿದವು.

"ಮಾವ, ಯಾರ ಮೇಲಾದ್ರೂ ಹೋಗಿ" ಅಂದ ಅಳಿಯ.

"ಯಾಕಪ್ಪಾ, ಎಲ್ಲಾ ಚೆನ್ನಾಗೇ ಇದೆಯಲ್ಲ?"

ಚೆನ್ನಾಗಿರಲಿಲ್ಲ. ಈ ಆಟದಲ್ಲಿ ಪಟ್ಟಣಗಳಿಗೆ ನಿಷ್ಠೆ ಎಂಬುದೊಂದಿದೆ. ರಾಜಧಾನಿಯಿಂದ ದೂರ ಕಟ್ಟಿದ ಊರು ಪಕ್ಕದ ರಾಜ್ಯದ ಸಡಗರ ನೋಡುತ್ತಾ ನೋಡುತ್ತಾ ಒಂದು ದಿನ ನಿಮ್ಮ ಕೈಬಿಟ್ಟು ಸ್ವತಂತ್ರವಾಗುತ್ತದೆ, ಆಮೇಲೆ ಪಕ್ಕದವನ ಪಾಲಾಗುತ್ತದೆ. ನನ್ನ ಬಂದರು ಹೋದದ್ದು ಹಾಗೆ, ಒಂದು ಬಾಣವೂ ಹಾರದೆ. ಅಮೆರಿಕಕ್ಕೆ ಹೋದ ಮಕ್ಕಳ ತಂದೆತಾಯಿಗಳು ನಮ್ಮ ಬೀದಿಯಲ್ಲಿ ನಾಲ್ಕು ಮನೆಯಲ್ಲಿದ್ದಾರೆ. ಅವರಿಗೆ ಈ ನಿಯಮ ಹೇಳಿಕೊಡಬೇಕಿಲ್ಲ.

ಪಟ್ಟಣಗಳು ಹೋದದ್ದು ಮಾತ್ರ ಮೈತ್ರಿಯ ಪುಣ್ಯ. ಮೈತ್ರಿಯ ಆಯುಸ್ಸು ಅಲ್ಲಿ ಮೂವತ್ತು ಸರದಿ. ನನ್ನ ಮಿತ್ರನೊಬ್ಬ ಜಂಟಿ ಯುದ್ಧಕ್ಕೆ ಕರೆದ, ಬಾಯಿ ತಪ್ಪಿ ಹ್ಞೂ ಅಂದೆ. ಅವನು ಯುದ್ಧ ಸಾರಿ ಮನೆಯಲ್ಲುಳಿದ. ಪೆಟ್ಟು ತಿಂದವನು ನಾನು. ಆಗ ಮೈಸೂರಿನ ಸರ್ವಾಧಿಕಾರಿ ಕಳಲೆಯ ನಂಜರಾಜಯ್ಯ ನೆನಪಾದರು. 1752ರ ಸುಮಾರಿಗೆ ತಿರುಚಿರಾಪಳ್ಳಿಯಲ್ಲಿ ಮುತ್ತಿಗೆಗೆ ಸಿಕ್ಕ ಆರ್ಕಾಟಿನ ನವಾಬ ಮಹಮ್ಮದ್ ಅಲಿ, ಬಂದು ಕಾಪಾಡಿದರೆ ಆ ಊರನ್ನೇ ಕೊಡುತ್ತೇನೆ ಎಂದು ಮಾತು ಕೊಟ್ಟ. ನಂಜರಾಜಯ್ಯ ಮೈಸೂರಿನ ಸೈನ್ಯವನ್ನೂ ಬೊಕ್ಕಸವನ್ನೂ ಹೊತ್ತು ಹೋದರು. ಕೆಲಸವಾದ ಮೇಲೆ ನವಾಬ ಮಾತು ಮರೆತ. ಇವರು ಬಿಡದೆ ಅಲ್ಲೇ ಸುತ್ತಮುತ್ತ ಮೂರು ವರ್ಷ ಕಾದು, ಖಾಲಿ ಕೈಯಲ್ಲಿ ಬಂದರು. ಸಂಬಳ ಸಿಗದ ಸೈನ್ಯ ಗೊಣಗುವ ಹೊತ್ತಿಗೆ ಹೈದರ್ ಎಂಬ ಚುರುಕಿನ ಅಧಿಕಾರಿ ಮೇಲೆ ಬರುತ್ತಿದ್ದ. ಸುಮ್ಮನೆ ಕೂತಿದ್ದರೆ! ಅವರಿಗಿಂತ ಚಿಕ್ಕದೇವರಾಜ ಒಡೆಯರು ಜಾಣರು. 1687ರಲ್ಲಿ ಬೆಂಗಳೂರನ್ನು ಮೊಗಲರಿಂದ ಮೂರು ಲಕ್ಷ ರೂಪಾಯಿಗೆ ಕೊಂಡುಬಿಟ್ಟರು. ಇವತ್ತು ಅಷ್ಟು ದುಡ್ಡಿಗೆ ಅಲ್ಲಿ ಸ್ಕೂಟರ್ ನಿಲ್ಲಿಸುವ ಜಾಗವೂ ಬರಲಿಕ್ಕಿಲ್ಲ.

ನನಗೆ ಆಪ್ತರೆನಿಸುವವರು ಮಾತ್ರ ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಐದು ವರ್ಷದ ಮಗುವಾಗಿ ಪಟ್ಟಕ್ಕೆ ಬಂದರು, 1831ರಲ್ಲಿ ಇಂಗ್ಲಿಷರು ಆಡಳಿತ ಕಿತ್ತುಕೊಂಡರು. ಆಮೇಲೆ 1868ರವರೆಗೆ, ರಾಜ್ಯವಿಲ್ಲದ ರಾಜ. ವಾಪಸು ಕೊಡಿ ಎಂದು ಪತ್ರ ಬರೆಯುತ್ತಲೇ ಇದ್ದರು. ನಡುನಡುವೆ ಆಟ ಕಟ್ಟಿದರು. ಚದುರಂಗದ ಕುದುರೆ ಅರವತ್ತನಾಲ್ಕು ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಬರುವ ನಡೆಗಳನ್ನು ಹೊಸೆದರು. ಅವರ ಶ್ರೀತತ್ತ್ವನಿಧಿಯ ಒಂಬತ್ತನೆಯ ನಿಧಿ ಕೌತುಕನಿಧಿ, ಆಟಗಳಿಗೇ ಮೀಸಲು. ಹೊರಗೆ ಒಂದು ಕಾಲಾಳನ್ನೂ ನಡೆಸಲು ಇಂಗ್ಲಿಷ್ ಅಧಿಕಾರಿಯ ಮುಖ ನೋಡಬೇಕಾಗಿದ್ದ ಕಾಲದಲ್ಲಿ, ಹಲಗೆಯ ಮೇಲೆ ಅವರ ಕುದುರೆ ಒಂದು ಮನೆಯನ್ನೂ ಬಿಡದೆ ಸುತ್ತಿತು. ರಾಜ್ಯ ಮರಳಿದ್ದು 1881ರಲ್ಲಿ, ದತ್ತುಮಗ ಚಾಮರಾಜೇಂದ್ರ ಒಡೆಯರಿಗೆ. ಅಷ್ಟು ಹೊತ್ತು ಮೈಸೂರು ಸರದಿ ಕಾಯುತ್ತಾ ಕೂತಿತ್ತು.

ಹಾಲು ಉಕ್ಕಿದ ದಿನ ಸಂಜೆ ಕರೆಂಟು ಹೋಯಿತು. ಜಡಿಮಳೆ ಬೇರೆ. ವಾಣಿವಿಲಾಸ ಮಾರ್ಕೆಟ್ಟಿನಿಂದ ಸೊಪ್ಪು ತಂದು ನಾನು ಜಗುಲಿ ಹತ್ತುವಾಗ ನನ್ನಾಕೆ ಮೇಣದಬತ್ತಿ ಹಚ್ಚಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆಯುತ್ತಿದ್ದಳು. ಅಳಿಯ ಕವಡೆ ಹುಡುಕಿ ತಂದ. ಹುಣಸೆಬೀಜ, ಬಳೆಚೂರು, ಕಾಫಿಬೀಜ, ಮೂರು ರಾಷ್ಟ್ರ. ಮೊದಲೇ ನಾನು ಆಕೆಯ ಕಿವಿಯಲ್ಲಿ, "ನಾವಿಬ್ಬರೂ ಒಂದು ಕಡೆ, ಹುಡುಗನ್ನ ಮುಗಿಸೋಣ" ಅಂದೆ. ಆಗಲಿ ಎಂದು ತಲೆಯಾಡಿಸಿದಳು. ಅವಳಿಗೆ ಬಾರಾ ಬಿತ್ತು, ಇನ್ನೊಂದು ಸಲ ಹಾಕಿದಳು, ಚೌಕ ಬಿತ್ತು, ಮತ್ತೆ ಹಾಕಿದಳು. ಎಣಿಸುತ್ತಾ ಬಂದು, ಹಣ್ಣಾಗಲು ಎರಡು ಮನೆ ಬಾಕಿಯಿದ್ದ ನನ್ನ ಹುಣಸೆಬೀಜವನ್ನು ಕಡಿದು ಹೊರಗಿಟ್ಟಳು.

"ನಾವು ಒಂದು ಕಡೆ ಅಂದಿದ್ದೆಯಲ್ಲೇ!"

"ಅದು ಹಾಲು ಉಕ್ಕೋಕೆ ಮುಂಚೆ."

ಅಷ್ಟರಲ್ಲಿ ಕರೆಂಟು ಬಂತು. ಮಹಡಿಯ ಮೇಲೆ ಕಂಪ್ಯೂಟರು ಕೀಂ ಅಂದಿತು. ರೋಮಿನವರು ಕಾಯುತ್ತಿರುತ್ತಾರೆಂದು ನಾನು ಪಂಚೆ ಸರಿಮಾಡಿಕೊಂಡು ಏಳಹೊರಟೆ.

"ಕೂತ್ಕೊಳ್ಳಿ," ಅಂದಳು, ಕವಡೆ ಕೈಯಲ್ಲಿ ಕುಲುಕುತ್ತಾ. "ಇನ್ನೊಂದೇ ಆಟ."