ಕಂಸದೊಳಗಿನ ಕವಿ

ನವೆಂಬರ್ 14ರಂದು ಮಕ್ಕಳ ಕವಿಗೆ ಇರುವಷ್ಟು ಬೇಡಿಕೆ ಚೌತಿಯ ದಿನ ಕಡುಬಿಗೂ ಇರುವುದಿಲ್ಲ. ಕಡುಬಾದರೂ ಮರುದಿನ ಉಳಿದರೆ ಯಾರೋ ಬಿಸಿ ಮಾಡಿ ತಿನ್ನುತ್ತಾರೆ. 15ನೆಯ ತಾರೀಖಿನ ಮಕ್ಕಳ ಕವಿಯನ್ನು ಕೇಳುವವರೇ ಇಲ್ಲ. ಅಂಥ ಒಂದು 14ರಂದು ಧಾರವಾಡದ ಮೂರು ಶಾಲೆಗಳಲ್ಲಿ ಹಾರ ಹಾಕಿಸಿಕೊಂಡು, ನಾಲ್ಕನೆಯ ಶಾಲೆಗೆ ಕೊರಳು ತುರಿಸಿಕೊಳ್ಳುತ್ತ ಹೋಗಿದ್ದೆ. ಹೆಡ್‌ಮಾಸ್ತರು, "ಇವರು 1956ರಲ್ಲಿ ಹುಟ್ಟಿದ ಕವಿಗಳು" ಎಂದು ಪರಿಚಯಿಸಿದರು. ಆ ವರ್ಷ ಹುಟ್ಟಿದವರೆಲ್ಲ ಕವಿಗಳೇ ಎಂಬಂತೆ ಕೇಳಿಸಿತು. ಪದ್ಯ ಹೇಳಿಸಿದೆ, ಮಕ್ಕಳು ಕಿರುಚಿದರು, ಎಲ್ಲ ಸರಿಯಾಗಿಯೇ ನಡೆದಿತ್ತು. ಆಗ ಕೆಂಪು ರಿಬ್ಬನ್ನಿನ ಎರಡು ಜಡೆಯ ಹುಡುಗಿಯೊಬ್ಬಳು ಬೆರಳೆತ್ತಿದಳು.

"ಸರ್, ನಿಮ್ಮ ಎರಡನೇ ಇಸವಿ ಯಾವುದ್ರಿ?"

ನನಗೆ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಪುಸ್ತಕದಲ್ಲಿ ಕವಿಯ ಹೆಸರಿನ ಮುಂದೆ ಕಂಸ ಇರುತ್ತದೆ, ಕಂಸದೊಳಗೆ ಎರಡು ಇಸವಿ ಇರುತ್ತವೆ. ಪಂಜೆ ಮಂಗೇಶರಾಯರು (1874–1937), ಹಾಗೆ. "ನಿಮ್ದು ಒಂದೇ ಹೇಳ್ಯಾರ್ರೀ ಹೆಡ್‌ಮಾಸ್ತರು."

"ಏ, ಕೂಡ್ರ!" ಎಂದು ಹೆಡ್‌ಮಾಸ್ತರು ಗದರಿದರು. ನಾನು, "ಅದು ಇನ್ನೂ ಬಂದಿಲ್ಲವ್ವಾ" ಎಂದೆ. ಅವಳು ನನ್ನನ್ನು ನೋಡಿದ ಆ ನೋಟ ನನಗೆ ಚೆನ್ನಾಗಿ ಗೊತ್ತು. ಮೂವತ್ತೆರಡು ವರ್ಷ ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಕೂತು, ಅರ್ಧ ತುಂಬಿದ ಅರ್ಜಿ ತಂದವರನ್ನು ನಾನೂ ಹಾಗೆಯೇ ನೋಡಿದ್ದೇನೆ. ಎರಡನೆಯ ತಾರೀಖು ಇಲ್ಲದೆ ಅಲ್ಲಿ ಯಾವ ಫೈಲೂ ಮುಂದಕ್ಕೆ ಹೋಗುತ್ತಿರಲಿಲ್ಲ.

ಅದೇ ಕಚೇರಿಯಲ್ಲಿ, ತಿರಸ್ಕೃತ ಅರ್ಜಿಗಳ ಹಿಂಬದಿಯಲ್ಲಿ ಮಕ್ಕಳ ಪದ್ಯ ಬರೆಯಲು ಸುರುಮಾಡಿದವನು ನಾನು. ಕುಲಕ್ಕೆ ಸ್ವಲ್ಪ ಹೊರಗಿನವನೇ. ನಮ್ಮಲ್ಲಿ ಮಕ್ಕಳ ಕವಿಗಳೆಂದರೆ ಹೆಚ್ಚಾಗಿ ಮಾಸ್ತರರು. ಕೇಳುವವರು ಎದುರಿಗೇ ಕೂತಿರುತ್ತಾರೆ, ಗಂಟೆ ಹೊಡೆಯುವ ತನಕ ಎದ್ದು ಹೋಗುವಂತಿಲ್ಲ. ಪಂಜೆಯವರು ಶಾಲಾ ಇನ್ಸ್‌ಪೆಕ್ಟರರಾಗಿದ್ದರು. ಇನ್ಸ್‌ಪೆಕ್ಟರ್ ಬಂದರೆ ಮಾಸ್ತರರೂ ನಡುಗುತ್ತಿದ್ದ ಕಾಲದಲ್ಲಿ ಅವರು 'ಕವಿಶಿಷ್ಯ' ಎಂಬ ಹೆಸರಿನಲ್ಲಿ ಮಕ್ಕಳಿಗಾಗಿ ಪದ್ಯ ಬರೆದರು. ನನ್ನೆದುರಿಗೆ ಇದ್ದದ್ದು ನಾಮಿನಿಗಳು. ಅವರಿಗೆ ಅಳಿಲಿನ ಮೇಲೆ ಪದ್ಯ ಓದುವಂತಿರಲಿಲ್ಲ.

ಈಗ ನಿವೃತ್ತನಾಗಿ ಪೂರ್ಣಾವಧಿ ಕವಿಯಾಗಿದ್ದೇನೆ. ಬೆಳಗ್ಗೆ ಆರಕ್ಕೆ ಕೆಲಗೇರಿ ಕೆರೆಯ ಕಡೆ ನಡೆಯುತ್ತ ಬೆರಳು ಮಡಚುತ್ತೇನೆ, ಬಿಚ್ಚುತ್ತೇನೆ. ಎದುರಿಗೆ ಬರುವವರಲ್ಲಿ ಕೆಲವರು ಜಪವೆಂದು ತಿಳಿದು ಕೈಮುಗಿಯುತ್ತಾರೆ. ಒಬ್ಬರು ಮಾತ್ರ ದಿನಾಲೂ, "ಬಡ್ಡಿ ಲೆಕ್ಕ ಹತ್ತಲಿಲ್ಲೇನ್ರಿ ಇನ್ನೂ?" ಎಂದು ಕೇಳುತ್ತಾರೆ. ನಾನು ಎಣಿಸುವುದು ಮಾತ್ರೆ. ಮಕ್ಕಳ ಪದ್ಯ ಸಾಮಾನ್ಯವಾಗಿ ನಾಲ್ಕು ಮಾತ್ರೆಯ ಹೆಜ್ಜೆಯಲ್ಲಿ ನಡೆಯುತ್ತದೆ. ಆದರೆ ದೇವರು ಪ್ರಾಣಿಗಳನ್ನು ಸೃಷ್ಟಿಸುವಾಗ ಛಂದಸ್ಸು ನೋಡಿಲ್ಲ. 'ಆನೆ'ಗೆ ಮೂರೇ ಮಾತ್ರೆ. ನಾಯಿ, ಕರಡಿ, ಮೊಸಳೆ, ಎಲ್ಲಕ್ಕೂ ಮೂರು. ಆದ್ದರಿಂದ 'ಆನೆಯು', 'ನಾಯಿಯು', 'ಕರಡಿಯು'. ಈ 'ಯು' ಎಂಬ ನಾಲ್ಕನೆಯ ಕಾಲು ಇಲ್ಲದಿದ್ದರೆ ನನ್ನ ಕಾಡಿನಲ್ಲಿ ಒಂದು ಪ್ರಾಣಿಯೂ ಕುಂಟದೆ ನಡೆಯುತ್ತಿರಲಿಲ್ಲ. ಇಲಿಗೆ ಎರಡೇ ಮಾತ್ರೆ, 'ಯು' ಹಚ್ಚಿದರೂ ಮೂರು. 'ಇಲಿಮರಿ' ಎಂದರೆ ಸರಿಯಾಗಿ ನಾಲ್ಕು. ಹೀಗಾಗಿ ನನ್ನ ಹನ್ನೊಂದು ಸಂಕಲನಗಳಲ್ಲಿ ಪ್ರಾಯಕ್ಕೆ ಬಂದ ಇಲಿ ಒಂದೂ ಇಲ್ಲ. ಹುಲಿಗೂ ಎರಡೇ, ಪಾಪ, ಮರ್ಯಾದೆಗೆಂದು 'ಹುಲಿರಾಯ' ಮಾಡಿದರೆ ಐದಾಗಿ ಸಾಲಿನಿಂದ ಬಾಲ ಹೊರಗೆ ಬರುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ನಿಲ್ಲಿಸಿದ 'ಆನೆಯು' ಮನೆಗೆ ಬಂದ ಕೂಡಲೇ ಬೀಳುತ್ತದೆ. ಮೊಮ್ಮಗನಿಗೆ ಆರು ವರ್ಷ. "ಆನೆಯು ಅಂದ್ರ ಏನ ಅಜ್ಜಾ?"

"ಆನಿನಪಾ."

"ಮತ್ತ ಆನಿ ಅನ್ನು."

ಧಾರವಾಡದ ಮಾತಿನಲ್ಲೇ ಬರೆದರಾಯಿತು ಎಂದು ಒಮ್ಮೆ ಹಟ ಹಿಡಿದೆ. ನಮ್ಮ 'ಮಂಗ್ಯಾ' ಎಣಿಸಿ ನೋಡಿ, ಅನಾಯಾಸವಾಗಿ ನಾಲ್ಕು ಮಾತ್ರೆ! ಛಂದಸ್ಸಿನೊಂದಿಗೇ ಹುಟ್ಟಿದ ಪ್ರಾಣಿ. ಆನಂದದಿಂದ ಪದ್ಯ ಬರೆದು ಬೆಂಗಳೂರಿನ ಪತ್ರಿಕೆಯೊಂದಕ್ಕೆ ಕಳಿಸಿದೆ. ಅಚ್ಚಾಗಿ ಬಂದಾಗ ಮಂಗ್ಯಾ 'ಮಂಗವು' ಆಗಿತ್ತು. ಮಾತ್ರೆ ತಪ್ಪಿರಲಿಲ್ಲ, ಅದನ್ನು ಒಪ್ಪಬೇಕು. ಆದರೆ ಮಂಗ್ಯಾ ಮರ ಹತ್ತುತ್ತದೆ. ಮಂಗವು ವೃಕ್ಷಾರೋಹಣ ಮಾಡುತ್ತದೆ. ಚಿತ್ರದಲ್ಲಿ ಅದಕ್ಕೆ ಟೈ ಬೇರೆ ಕಟ್ಟಿದ್ದರು.

ಪ್ರಾಸದ ಕತೆಯೇ ಬೇರೆ. ಗೋವಿಂದ ಪೈಗಳು 1911ರಲ್ಲಿ ಎರಡನೆಯ ಅಕ್ಷರದ ಪ್ರಾಸವನ್ನು ಬಿಟ್ಟರು. ದಾರಿ ಸಿಕ್ಕಿದ್ದೇ ತಡ, ದೊಡ್ಡವರ ಕವಿಗಳು ಕಾಲಕ್ರಮದಲ್ಲಿ ಅಂತ್ಯಪ್ರಾಸ ಬಿಟ್ಟರು, ಮಾತ್ರೆ ಬಿಟ್ಟರು, ಕೆಲವರು ಅರ್ಥವನ್ನೂ ಬಿಟ್ಟರು. ಅವರು ಬಿಸುಟದ್ದನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಹೊರಟ ಹಳೇ ಸಾಮಾನಿನ ವ್ಯಾಪಾರಿ ನಾನು. ಗಿರಾಕಿಗಳು ಮಾತ್ರ ಬಲು ಚೌಕಾಸಿ. ದೊಡ್ಡವರು ಪದ್ಯ ಅರ್ಥವಾಗದಿದ್ದರೆ ತಲೆದೂಗುತ್ತಾರೆ. ಮಕ್ಕಳು ಪ್ರಾಸ ತಪ್ಪಿದರೆ ತಾವೇ ಕೂಡಿಸಿ ಮುಗಿಸಿಬಿಡುತ್ತಾರೆ. 'ಜಿರಾಫೆ'ಗೆ ಪ್ರಾಸ ಹುಡುಕುತ್ತ ನಾನು ಹದಿನೈದು ದಿನ ಅನ್ನ ಸೇರದೆ ಕೂತಿದ್ದಾಗ ಮೊಮ್ಮಗ, "ಜಿರಾಫೆ, ಪರಾಫೆ!" ಎಂದ. ಪರಾಫೆ ಎಂದರೇನೋ ಎಂದೆ. "ಅದರ ತಮ್ಮ" ಎಂದ. ಆ ಪದ್ಯವನ್ನು ಹಾಗೆಯೇ ಅಚ್ಚಿಗೆ ಕೊಟ್ಟೆ. ಗೌರವಧನ ಬಂದಿದ್ದರೆ ಅರ್ಧ ಅವನಿಗೆ ಕೊಡುವವನಿದ್ದೆ.

ಇಷ್ಟಾದರೂ ನನ್ನ ಓದುಗ ನನ್ನ ಗಿರಾಕಿಯಲ್ಲ, ಇದೇ ಈ ಕಸುಬಿನ ಫಜೀತಿ. ಪುಸ್ತಕ ಮಗುವಿನ ಕೈಗೆ ಸೇರುವ ಮೊದಲು ಸಂಪಾದಕರು, ಪ್ರಕಾಶಕರು, ಲೈಬ್ರರಿಗೆ ಆರಿಸುವವರು, ಹೆಡ್‌ಮಾಸ್ತರು, ಕೊನೆಗೆ ತಾಯಿ, ಇಷ್ಟು ಜನರ ಕೈ ದಾಟಬೇಕು. ಪ್ರತಿಯೊಬ್ಬರೂ ಅದನ್ನು ಅಲುಗಾಡಿಸಿ ಕೇಳುವುದು ಒಂದೇ: "ಇದರಾಗ ನೀತಿ ಎಲ್ಲೈತ್ರಿ?" ಅಳಿಲು ಸಂಡಿಗೆ ಕದ್ದು ಓಡಿಹೋಯಿತು ಎಂದು ಬರೆದಿದ್ದೆ, ಅಷ್ಟೇ. ಕಳ್ಳತನಕ್ಕೆ ಶಿಕ್ಷೆಯಾಗಲಿಲ್ಲ ಎಂದು ಪದ್ಯ ತಿರುಗಿ ಬಂತು. ಸಂಡಿಗೆ ಒಣಹಾಕಿದವಳು ನನ್ನ ಹೆಂಡತಿ. ಅವಳೇ ಅಳಿಲನ್ನು ಕ್ಷಮಿಸಿದ್ದಳು.

ಕುವೆಂಪು ಅವರು ಬ್ರೌನಿಂಗನ ಕತೆಯನ್ನು ಜರ್ಮನಿಯ ಊರಿನಿಂದ ಎತ್ತಿ ತುಂಗೆಯ ದಡಕ್ಕೆ ತಂದಿಟ್ಟದ್ದೇ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಅದರಲ್ಲಿ ಇಲಿಗಳು ಹೊಳೆಪಾಲು, ಮಕ್ಕಳು ಬೆಟ್ಟದಪಾಲು. ಅದನ್ನು ನಾನು ಇಂದು ಕಳಿಸಿದ್ದರೆ, ಮಕ್ಕಳನ್ನು ಸಂಜೆಯೊಳಗೆ ಮನೆಗೆ ಮುಟ್ಟಿಸಿರೆಂದು ಸಂಪಾದಕರು ಫೋನು ಮಾಡುತ್ತಿದ್ದರು. ರಾಜರತ್ನಂ ಅವರ ಧೈರ್ಯವಂತೂ ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ಒಂದು ಕೈಯಲ್ಲಿ ಹೆಂಡಗುಡುಕನ ಬಾಯಲ್ಲಿ ಹೇಳಿಸಿದ 'ರತ್ನನ ಪದಗಳು', ಇನ್ನೊಂದು ಕೈಯಲ್ಲಿ ಮಕ್ಕಳಿಗೆ 'ತುತ್ತೂರಿ'. ಎರಡನ್ನೂ ನಾಡು ಎದೆಗೊತ್ತಿಕೊಂಡಿತು. ನಾನು ಶಾಲೆಯೆದುರು ಪಾನ್ ಅಂಗಡಿಯಲ್ಲಿ ನಿಂತರೂ ಪಾಲಕರು ಗುರುತಿಟ್ಟುಕೊಳ್ಳುತ್ತಾರೆ.

ಇನ್ನು ಸನ್ಮಾನ. ಬಂದ ಶಾಲುಗಳನ್ನೆಲ್ಲ ಹೆಂಡತಿ ಕೂಡಿಸಿ ಹೊಲಿದು ಕೌದಿ ಮಾಡಿದ್ದಾಳೆ. ಚಳಿಗಾಲದಲ್ಲಿ ನನ್ನ ಸಾಹಿತ್ಯಸೇವೆಯನ್ನು ನಾಲ್ವರು ಹೊದ್ದು ಮಲಗಬಹುದು. ಜರಿ ಚುಚ್ಚುತ್ತದೆ ಎಂಬುದೊಂದೇ ದೂರು. ಊರಿನ ಹಿರಿಯ ಕವಿಗಳು ಸಿಕ್ಕಾಗಲೆಲ್ಲ, "ದೊಡ್ಡವರಿಗೆ ಯಾವಾಗ ಬರೀತೀರಿ?" ಎನ್ನುತ್ತಾರೆ. ಮಕ್ಕಳ ವೈದ್ಯರನ್ನು ಯಾರೂ ಹಾಗೆ ಕೇಳಿದ್ದು ನಾನು ಕೇಳಿಲ್ಲ.

ಆ ದಿನ ಕಾರ್ಯಕ್ರಮ ಮುಗಿದು ಬಾಳೆಹಣ್ಣು ಹಂಚುವಾಗ, ಎರಡು ಜಡೆಯವಳು ವಹಿ ಹಿಡಿದು ಸಹಿ ಕೇಳಲು ಬಂದಳು. ಹೆಸರು ಬರೆದೆ. ಅವಳು ಕದಲಲಿಲ್ಲ. ತಿಳಿಯಿತು. ಕಂಸ ತೆರೆದು 1956 ಎಂದು ಬರೆದು, ಪುಟ್ಟ ಗೆರೆ ಎಳೆದು, ಕಂಸ ಮುಚ್ಚಿದೆ. ಅವಳು ಬಗ್ಗಿ ನೋಡಿದಳು.

"ಸರ್, ಅದು ಸಾಲಂಗಿಲ್ರಿ. ನಾಕು ಅಂಕಿ ಹಿಡೀಬೇಕಲ್ರಿ."

ಕಂಸನ ಸೆರೆಯಲ್ಲಿ ಹುಟ್ಟಿದವರಲ್ಲಿ ಉಳಿದವರು ಕಡಿಮೆ ಎಂಬುದು ನೆನಪಾಗಿ, ಮುಚ್ಚಿದ್ದನ್ನು ಹೊಡೆದುಹಾಕಿ ತೆರೆದೇ ಬಿಟ್ಟೆ. ಮರುವರ್ಷದ 14ಕ್ಕೆ ಅದೇ ಶಾಲೆಯವರು ಮತ್ತೆ ಕರೆದರು. ಗೇಟಿನಲ್ಲಿ ಆಟೋ ಇಳಿಯುತ್ತಿದ್ದಂತೆ ಅವಳು ಅಂಗಳದ ತುಂಬ ಕೇಳುವಂತೆ ಕೂಗಿದಳು:

"ಏ ಬರ್ರೇ! ಕಂಸ ಮುಚ್ಚದ ಸರ್ ಬಂದ್ರು!"