ಸುಲ್ತಾನರ ಮನೆಯಲ್ಲಿ ನಂಜುಂಡಯ್ಯ ದಂಪತಿ

(ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆ. ನಿವೃತ್ತ ಪೋಸ್ಟ್‌ಮಾಸ್ಟರ್ ನಂಜುಂಡಯ್ಯ, ಹೆಂಡತಿ ಸರೋಜಮ್ಮ, ಊರು ತೋರಿಸಲು ಬಂದ ಅಣ್ಣನ ಮಗ ಕಿರಣ.)

ನಂಜುಂಡಯ್ಯ: ಈ ಟಿಕೆಟ್ ದುಡ್ಡಿಗೆ ಮೈಸೂರು ಅರಮನೆಯನ್ನು ನಮ್ಮ ಬೀದಿಯವರೆಲ್ಲ ನೋಡಬಹುದಿತ್ತು ಕಣೋ.

ಕಿರಣ: ಚಿಕ್ಕಪ್ಪ, 1453ರಲ್ಲಿ ಈ ಊರು ಗೆದ್ದ ಎರಡನೇ ಮೆಹ್ಮದ್ ಕಟ್ಟಿಸಿದ್ದು. 1856ರಲ್ಲಿ ಸುಲ್ತಾನರು ದೋಲ್ಮಾಬಾಚೆ ಅನ್ನೋ ಹೊಸ ಅರಮನೆಗೆ ಹೋದರು. 1924ರಲ್ಲಿ ಇದು ಮ್ಯೂಸಿಯಂ ಆಯ್ತು.

ಸರೋಜಮ್ಮ: ಅದಿರಲಿ, ಅಡುಗೆಮನೆ ಎಲ್ಲಿ?

ಕಿರಣ: ಅಗೋ, ಸಾಲಾಗಿ ಚಿಮಣಿ ಇವೆಯಲ್ಲ, ಅಷ್ಟೂ ಅಡುಗೆಮನೆಯೇ. ದಿನಾ ಸಾವಿರಾರು ಜನಕ್ಕೆ ಬೇಯ್ತಿತ್ತು.

ಸರೋಜಮ್ಮ: (ಒಳಹೊಕ್ಕು) ಬೆಂದದ್ದು ಸರಿ. ಈ ರಾಶಿ ತಟ್ಟೆ ತೊಳೆದವರು ಯಾರು?

ಕಿರಣ: ಚೀನಾ ಪಿಂಗಾಣಿ, ಹತ್ತು ಸಾವಿರಕ್ಕೂ ಹೆಚ್ಚಿದೆ ಅವರ ಹತ್ತಿರ. ಈ ಹಸಿರು ತಟ್ಟೆಗೆ ವಿಷ ಬಿದ್ದರೆ ಬಣ್ಣ ಬದಲಾಗುತ್ತೆ ಅಂತ ನಂಬಿದ್ದರು.

ನಂಜುಂಡಯ್ಯ: ಮನೆಗೊಂದು ಬೇಕಿತ್ತು. ಮೊನ್ನೆಯ ಉಪ್ಪಿಟ್ಟು...

ಸರೋಜಮ್ಮ: ತನ್ನಿ, ತನ್ನಿ. ಬಣ್ಣ ಬದಲಾಗೋದು ನಿಮ್ಮ ಮುಖದ್ದು.

ಕಿರಣ: (ಅವಸರವಾಗಿ) ಇದು ಮಂತ್ರಿಗಳ ಸಭೆ. ಮೇಲಿನ ಜಾಲಂದ್ರದ ಹಿಂದೆ ಸುಲ್ತಾನ ಕೂತು ಕೇಳಿಸಿಕೊಳ್ಳಬಹುದಿತ್ತು. ಇದ್ದಾನೋ ಇಲ್ಲವೋ ಕೆಳಗಿನವರಿಗೆ ತಿಳೀತಿರಲಿಲ್ಲ.

ನಂಜುಂಡಯ್ಯ: ಕಿಟಕಿಗೆ ಸಂಬಳವಿಲ್ಲ, ಪೆನ್ಷನ್ನೂ ಇಲ್ಲ. ಭಲೇ ಮೇಲ್ವಿಚಾರಣೆ!

(ಜನಾನಾ. ಮೂರನೇ ಮುರಾದನ ಕೋಣೆ.)

ಕಿರಣ: ಗೋಡೆಯಲ್ಲಿ ಕಾರಂಜಿ ನೋಡಿ. ನಲ್ಲಿ ಬಿಟ್ಟರೆ ಆ ಸದ್ದಿಗೆ ಒಳಗಿನ ಮಾತು ಹೊರಗೆ ಕೇಳಿಸೋದಿಲ್ಲ.

ಸರೋಜಮ್ಮ: ಯಾರಿಗೆ ಕೇಳಿಸಬಾರದು?

ಕಿರಣ: ಇಲ್ಲಿ ಅತ್ತೆಯದೇ ದರ್ಬಾರು. ಸುಲ್ತಾನನ ತಾಯಿಗೆ ವಾಲಿದೆ ಸುಲ್ತಾನ್ ಅಂತ ಬಿರುದು. ಜನಾನಾ ಪೂರ್ತಿ ಅವಳ ಕೈಯಲ್ಲಿ.

ಸರೋಜಮ್ಮ: ಸರಿ ಬಿಡು, ನಲ್ಲಿ ಯಾಕೆ ಬೇಕಾಯ್ತು ಅಂತ ಗೊತ್ತಾಯ್ತು.

(ಖಜಾನೆ. ಫೋಟೋ ತೆಗೆಯುವಂತಿಲ್ಲ.)

ಕಿರಣ: ಮೂರು ದಪ್ಪ ಪಚ್ಚೆ ಇರೋ ಈ ಕಠಾರಿ 1747ರಲ್ಲಿ ಪರ್ಷಿಯಾದ ನಾದಿರ್ ಷಾಗೆ ಉಡುಗೊರೆ ಹೊರಟಿತ್ತು.

ನಂಜುಂಡಯ್ಯ: ದೆಹಲಿಯ ಮಯೂರ ಸಿಂಹಾಸನ ಹೊತ್ತುಕೊಂಡು ಹೋದವನಿಗೆ ಉಡುಗೊರೆ ಬೇರೆ ಕೇಡು!

ಕಿರಣ: ಇದು ತಲುಪೋ ಮೊದಲೇ ಅವನ ಕೊಲೆ ಆಯ್ತು. ದೂತರು ವಾಪಸ್ ತಂದರು.

ನಂಜುಂಡಯ್ಯ: (ಎದೆಯುಬ್ಬಿಸಿ) ‘ವಿಳಾಸದಾರ ಮೃತ, ಕಳುಹಿಸಿದವರಿಗೆ ವಾಪಸ್’. ಇಲಾಖೆ ಅಂದರೆ ಹೀಗಿರಬೇಕು!

ಕಿರಣ: ಇದು ಚಮಚದವನ ವಜ್ರ, 86 ಕ್ಯಾರೆಟ್. ಕಸದ ಗುಡ್ಡೆಯಲ್ಲಿ ಬಡ ಮೀನುಗಾರನೊಬ್ಬನಿಗೆ ಸಿಕ್ಕಿತಂತೆ. ಮೂರು ಚಮಚಕ್ಕೆ ಕೊಟ್ಟುಬಿಟ್ಟನಂತೆ.

ಸರೋಜಮ್ಮ: ಮೂರೇ ಚಮಚ? ಪಾಪ, ಹೆಂಡತಿಯನ್ನು ಜೊತೆಗೆ ಕರಕೊಂಡು ಹೋಗಿರಲಿಲ್ಲ. ನಿಮ್ಮ ಚಿಕ್ಕಪ್ಪನ ಒಂದು ಪ್ಯಾಂಟು ಕೊಟ್ಟು ಸ್ಟೀಲ್ ಪಾತ್ರೆಯವನ ಹತ್ತಿರ ಮುಚ್ಚಳದ ಸಮೇತ ತಪ್ಪಲೆ ತಗೊಂಡಿದೀನಿ ನಾನು.

ನಂಜುಂಡಯ್ಯ: ಯಾವ ಪ್ಯಾಂಟು? ಕಂದು ಬಣ್ಣದ್ದಾ? ಡ್ರೈಕ್ಲೀನಿಂಗ್‌ನವನು ಕಳೆದುಹಾಕಿದ ಅಂದಿದ್ದೆ!

ಸರೋಜಮ್ಮ: ಕಿರಣ, ಬೇಗ ನಡಿ, ಆ ನಲ್ಲಿ ಇರೋ ಕೋಣೆಗೆ ವಾಪಸ್ ಹೋಗೋಣ.